ಪರಿವೀಕ್ಷಣೆ ಉಲ್ಲಂಘನೆ ಮತ್ತು ಹೊರರಾಜ್ಯದ ವಾರಂಟ್ (ಅಮೆರಿಕ)

ಪರಿವೀಕ್ಷಣೆ (ಪ್ರೊಬೇಷನ್) ಎಂದರೆ ಅಪರಾಧಿಯನ್ನು ಸೆರೆಮನೆಗೆ ಕಳುಹಿಸದೆ, ಷರತ್ತುಗಳಿಗೆ ಒಳಪಡಿಸಿ, ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಸಮಾಜದಲ್ಲಿಯೇ ಇರಿಸುವ ವ್ಯವಸ್ಥೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಪರಿವೀಕ್ಷಣೆಯಲ್ಲಿರುವ ವ್ಯಕ್ತಿಯು ಅನುಮತಿಯಿಲ್ಲದೆ ಬೇರೆ ರಾಜ್ಯಕ್ಕೆ ತೆರಳಿದರೆ ಶಿಕ್ಷೆ ವಿಧಿಸಿದ ರಾಜ್ಯದ ನ್ಯಾಯಾಲಯವು ಬಂಧನದ ವಾರಂಟ್ ಹೊರಡಿಸಬಹುದು.

ಊರ್ಜಿತಾವಧಿ
ಕಾಲ ಕಳೆದಂತೆ ವಾರಂಟ್ ತಾನಾಗಿ ರದ್ದಾಗುತ್ತದೆ ಎಂಬುದು ತಪ್ಪು ಕಲ್ಪನೆ. ಜಾರಿಯಾಗುವವರೆಗೆ ಅಥವಾ ನ್ಯಾಯಾಲಯವು ಹಿಂಪಡೆಯುವವರೆಗೆ ಅದು ಸಾಮಾನ್ಯವಾಗಿ ಊರ್ಜಿತದಲ್ಲಿರುತ್ತದೆ. ಹಲವು ರಾಜ್ಯಗಳಲ್ಲಿ ತಲೆಮರೆಸಿಕೊಂಡ ದಿನಗಳನ್ನು ಪರಿವೀಕ್ಷಣೆಯ ಅವಧಿಗೆ ಸೇರಿಸುವುದಿಲ್ಲ. 1967ರಲ್ಲಿ ಆರಂಭವಾದ, ಎಫ್‌ಬಿಐ ನಿರ್ವಹಿಸುವ ರಾಷ್ಟ್ರೀಯ ಅಪರಾಧ ಮಾಹಿತಿ ಕೇಂದ್ರದಲ್ಲಿ ದಾಖಲಾದ ವಾರಂಟ್, ದೂರದ ರಾಜ್ಯದ ವಾಹನ ತಪಾಸಣೆಯಲ್ಲಿಯೂ ಬೆಳಕಿಗೆ ಬರಬಹುದು.

ಹಸ್ತಾಂತರ
ಸಂವಿಧಾನದ 4ನೆಯ ವಿಧಿಯು ಪರಾರಿಯಾದವರನ್ನು ಒಪ್ಪಿಸುವಂತೆ ರಾಜ್ಯಗಳಿಗೆ ಸೂಚಿಸುತ್ತದೆ. ಈ ಕರ್ತವ್ಯವನ್ನು ಫೆಡರಲ್ ನ್ಯಾಯಾಲಯಗಳು ಜಾರಿಗೊಳಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪಿತ್ತಿತು. ಆದರೂ ಸಣ್ಣ ಪ್ರಕರಣಗಳಲ್ಲಿ ಖರ್ಚು ಮತ್ತು ದೂರದ ಕಾರಣ ವಾರಂಟ್ ಹೊರಡಿಸಿದ ರಾಜ್ಯವೇ ಆರೋಪಿಯನ್ನು ಕರೆತರದಿರುವುದುಂಟು. ಇದರಿಂದ ವಾರಂಟ್ ರದ್ದಾಗುವುದಿಲ್ಲ.

ಇತ್ಯರ್ಥ
ವಾರಂಟ್ ಹೊರಡಿಸಿದ ರಾಜ್ಯದ ವಕೀಲರ ಮೂಲಕ ಅದನ್ನು ಹಿಂಪಡೆಯಲು ಅರ್ಜಿ ಸಲ್ಲಿಸುವುದು ಅಥವಾ ಸ್ವತಃ ಶರಣಾಗುವುದು ರೂಢಿಯಲ್ಲಿರುವ ಮಾರ್ಗಗಳು. ಸ್ವಯಂಪ್ರೇರಿತ ಹಾಜರಾತಿಯನ್ನು ನ್ಯಾಯಾಧೀಶರು ಅನುಕೂಲಕರವಾಗಿ ಪರಿಗಣಿಸಬಹುದು. ವಿಚಾರಣೆ ನಡೆಸದೆ ಪರಿವೀಕ್ಷಣೆಯನ್ನು ರದ್ದುಪಡಿಸುವಂತಿಲ್ಲ ಎಂಬುದು ಗ್ಯಾಗ್ನನ್ ವಿರುದ್ಧ ಸ್ಕಾರ್ಪೆಲ್ಲಿ (1973) ಪ್ರಕರಣದಲ್ಲಿ ಸ್ಥಿರಪಟ್ಟಿತು. ಬೇರೆ ರಾಜ್ಯದಲ್ಲಿ ನೆಲೆಸಬಯಸುವವರು ಅಂತರರಾಜ್ಯ ಒಪ್ಪಂದದಡಿ ಮೇಲ್ವಿಚಾರಣೆಯ ವರ್ಗಾವಣೆಯನ್ನು ಮೊದಲೇ ಕೋರಬಹುದು.