ಡಮಾಮಿಯ ಹಾಡು ಕೇಳಿದ್ದೀರಾ?

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವಾಗ ಮಂಚಿಕೇರಿ ಸಿಗುತ್ತದಲ್ಲ, ಆ ಸುತ್ತಿನ ಕಾಡಂಚಿನಲ್ಲೆಲ್ಲ ಸಿದ್ದಿಗಳ ಮನೆಗಳಿವೆ. ಅಡಿಕೆ ತೋಟದ ಕೆಲಸಕ್ಕೆ ಬರುವ ಸಿದ್ದಿ ಹೆಂಗಸರನ್ನು ನಮ್ಮ ಸೀಮೆಯ ಗೃಹಿಣಿಯರು ಕಾಣದೇ ಇಲ್ಲ. ಚಾ ಕೊಟ್ಟಿದ್ದೇವೆ, ಕಷ್ಟಸುಖ ಮಾತಾಡಿದ್ದೇವೆ. ಅವರ ಹಾಡನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ, ಹೇಳಿ?

ಇವರ ಪೂರ್ವಿಕರು ಆಫ್ರಿಕದವರು. ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ನಮ್ಮ ಘಟ್ಟದ ಕಾಡು ಸೇರಿದರು. ಹುಟ್ಟಿದ ನಾಡಿನ ಭಾಷೆ ಉಳಿಯಲಿಲ್ಲ. ಈಗ ಯಲ್ಲಾಪುರ, ಹಳಿಯಾಳದ ಕಡೆ ಮನೆಯಲ್ಲಿ ಆಡುವುದು ಕೊಂಕಣಿಯೊಳಗೆ ಮರಾಠಿ, ಕನ್ನಡ ಬೆರೆತ ಮಾತು. ಶಾಲೆಯ ಪುಸ್ತಕದಲ್ಲಿ ಆ ಮಾತಿಗೆ ಜಾಗವಿಲ್ಲ. ಅದು ಬಾಯಿಂದ ಬಾಯಿಗೆ ದಾಟಬೇಕು, ಅದರಲ್ಲೂ ಹೆಂಗಸರ ಹಾಡಿನಲ್ಲಿ.

ಡಮಾಮಿ ಎಂದರೆ ಚರ್ಮ ಬಿಗಿದ ವಾದ್ಯ. ಅದರ ಜೊತೆಗಿನ ಹಾಡು, ಕುಣಿತಕ್ಕೂ ಅದೇ ಹೆಸರು. ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ಹಿಡಿಯುತ್ತಾರೆ. ಕಾಡು, ಗದ್ದೆ, ಅತ್ತೆಮನೆ ಎಲ್ಲವೂ ಅದರೊಳಗೆ ಬರುತ್ತದೆ. (ನಮ್ಮ ಬೀಸುವ ಕಲ್ಲಿನ ಪದಗಳ ಹಾಗೇ. ಕಲ್ಲು ಅಟ್ಟಕ್ಕೆ ಹೋಯಿತು, ಪದಗಳೂ ಹೋದವು!) ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ದೇವರು ಬೇರೆಬೇರೆಯಾದರೂ ಡಮಾಮಿ ಎಲ್ಲರದೂ. ಹಿಂದೂ ಸಿದ್ದಿಗಳು ತೆಂಗಿನಕಾಯಿ ಇಟ್ಟು ಹಿರಿಯರನ್ನು ಪೂಜಿಸುತ್ತಾರೆ. ಊರು ಬಿಟ್ಟು ದುಡಿಯಲು ಹೋದವರೂ ಹಿರಿಯರ ಪೂಜೆಗೆ ಮನೆಗೆ ಬರುವುದುಂಟು.

ಈಚಿನ ವರ್ಷಗಳಲ್ಲಿ ಉತ್ಸವ, ಮೆರವಣಿಗೆಗಳಿಗೆ ಸಿದ್ದಿ ತಂಡಗಳನ್ನು ಕರೆಸುತ್ತಾರೆ. ಸಂತೋಷವೇ. ಸಂಭಾವನೆಯೂ ಸಿಗುತ್ತದೆ. ಆದರೆ ಮೈಗೆ ಸೊಪ್ಪು ಕಟ್ಟಿ, ಮುಖಕ್ಕೆ ಬಣ್ಣ ಬಳಿದು ಐದು ನಿಮಿಷ ಕುಣಿಸಿ ಕಳಿಸುವುದು ನನಗಂತೂ ಒಪ್ಪಿಗೆಯಿಲ್ಲ. ಸೀರೆಯುಟ್ಟು ಅಂಗಳದಲ್ಲಿ ಹಾಡುವ ಅಜ್ಜಿಯ ಪದ ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಬೇರೆ ದಾರಿಯೂ ಇದೆ ನೋಡಿ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗದವರು ಸಿದ್ದಿಗಳನ್ನೇ ಕಲಾವಿದರನ್ನಾಗಿ ಮಾಡಿ ಮಂಚಿಕೇರಿಯಲ್ಲಿ ನಾಟಕ ಆಡಿಸಿದರು. ಆರಿಸಿಕೊಂಡದ್ದು ನೈಜೀರಿಯದ ಚಿನುವ ಅಚಿಬೆಯವರ ಕಾದಂಬರಿಯನ್ನು! ಮುಂದೆ ಅದೇ ಸಮುದಾಯದ ಗಿರಿಜಾ ಸಿದ್ದಿಯವರು ನೀನಾಸಂನಲ್ಲಿ ಕಲಿತು, ನಟಿ, ಗಾಯಕಿ ಎಂದು ಹೆಸರಾದರು. 2003ರಲ್ಲಿ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕೂದಲು, ಬಣ್ಣದ ಮೇಲೆ ಚುಡಾಯಿಸಿಕೊಂಡು ಮುದುಡುವ ಹುಡುಗಿಗೆ ಇಂಥವರ ಹೆಸರು ಕಿವಿಗೆ ಬಿದ್ದರೆ ಎಷ್ಟೋ ಧೈರ್ಯ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೋದರಿಯರೇ, ನಿಮ್ಮ ಮಹಿಳಾ ಮಂಡಳದ ವಾರ್ಷಿಕೋತ್ಸವಕ್ಕೆ ಒಮ್ಮೆ ಇವರನ್ನು ಕರೆಯಿರಿ. ಸೊಪ್ಪು ಬೇಡ, ಬಣ್ಣ ಬೇಡ. ಒಂದು ತಾಸಾದರೂ ಹಾಡಲು ಬಿಡಿ. ಹಾಡಿನ ಅರ್ಥವನ್ನು ಅವರ ಬಾಯಲ್ಲೇ ಕೇಳಿ. ಮೊಬೈಲಿನಲ್ಲಿ ಹಿಡಿದಿಡುವುದಾದರೆ ಅವರನ್ನು ಕೇಳಿಯೇ ಹಿಡಿಯಿರಿ, ಹಾಡಿದವರ ಹೆಸರನ್ನೂ ಬರೆದಿಡಿ, ಒಂದು ಪ್ರತಿ ಅವರ ಮಕ್ಕಳಿಗೂ ಕೊಡಿ.