ಹಾಡಿನ ತಟ್ಟೆಗಳೂ ಅವುಗಳನ್ನು ನಡೆಸುವ ರಾವುತರೂ



ಮದುವೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿವರ್ಧಕಗಳಿಂದ ಹೊರಟು ಎದೆಯ ಗೂಡನ್ನು ನಡುಗಿಸುವ ಸದ್ದಿಗೆ ನಮ್ಮ ದೇವರ ಹಿಪ್ಪರಗಿಯ ಸೀಮೆಯಲ್ಲಿ ‘ಡಿ. ಜೆ.’ ಎಂದು ಹೆಸರು. ಆದರೆ ಈ ಎರಡು ಅಕ್ಷರಗಳ ಮೂಲಾರ್ಥವು ಸದ್ದೂ ಅಲ್ಲ, ಯಂತ್ರವೂ ಅಲ್ಲ. ಅದು ಒಂದು ಕಸುಬನ್ನು ಮಾಡುವವರ ಹೆಸರು. ‘ಡಿಸ್ಕ್’ ಅಂದರೆ ಹಾಡಿನ ತಟ್ಟೆ. ‘ಜಾಕಿ’ ಅಂದರೆ ಪಂದ್ಯದ ಕುದುರೆಯನ್ನೇರಿ ಓಡಿಸುವವನು, ಎಂದರೆ ರಾವುತ. ರಾವುತರಾಯನ ಗುಡಿಯಿರುವ ಊರಿನವರಾದ ನಮಗೆ ಈ ಮಾತನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕುದುರೆಯು ತನ್ನ ಕಾಲಿನಿಂದಲೇ ಓಡುವದು. ಯಾವ ಕಡೆಗೆ, ಎಷ್ಟು ವೇಗದಿಂದ ಎಂಬದನ್ನು ರಾವುತನು ನೋಡಿಕೊಳ್ಳುವನು. ಅದರಂತೆ ಹಾಡು ಹಾಡಿದವರದೇ. ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಬರಬೇಕೆಂಬದನ್ನು ತಟ್ಟೆಯ ರಾವುತನು ಗೊತ್ತುಮಾಡುವನು. ಇಂಥವನೊಬ್ಬನು ತನ್ನ ಸ್ವಂತ ಸಂಗ್ರಹದೊಳಗಿನ ನಾನಾ ಬಗೆಯ ತಟ್ಟೆಗಳನ್ನು ಆರಿಸಿ, ನಡುವೆ ಎಲ್ಲಿಯೂ ತಡೆಯಿಲ್ಲದಂತೆ ಒಂದಕ್ಕೊಂದು ಹೊಂದಿಸಿ ಮಾಡಿದ ಸರಮಾಲೆಗೆ ‘ಮಿಕ್ಸ್ ಆಲ್ಬಮ್’ ಎನ್ನುವರು. ಅದನ್ನು ಹೇಗೆ ಮಾಡುವರು, ಮಾಡಿದವರ ಮೇಲೆ ಯಾವ ಋಣವಿರುವದು ಎಂಬಿವೆರಡನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಈ ವಿಷಯಕ್ಕೆ ನಮ್ಮ ಮನಸ್ಸು ಹೊರಳಿದ್ದು ಒಂದು ತಗಡಿನ ಪೆಟ್ಟಿಗೆಯಿಂದ. ಮನೆಯ ಮಾಳಿಗೆಯನ್ನು ದುರಸ್ತಿ ಮಾಡಿಸುವಾಗ ಅದು ಮೂಲೆಯಲ್ಲಿ ಸಿಕ್ಕಿತು. ಗುಜರಿಯವನಿಗೆ ಕೊಟ್ಟುಬಿಡೋಣವೆಂದು ಹಿರಿಯರು ಅಂದರು. ತೆರೆದು ನೋಡಲಾಗಿ ಒಳಗೆ ಹಳೆಯ ಗ್ರಾಮಾಫೋನ್ ತಟ್ಟೆಗಳಿದ್ದವು. ಕೆಲವು ಒಡೆದಿದ್ದವು. ಒಂದು ತಟ್ಟೆಯ ನಡುವಿನ ಕಾಗದದ ಚೀಟಿಯನ್ನು ಹುಳು ತಿಂದುಹಾಕಿತ್ತು. ಪರಿಚಿತರೊಬ್ಬರ ಯಂತ್ರದ ಮೇಲೆ ಅದನ್ನು ಹಚ್ಚಿದಾಗ ಒಬ್ಬ ಹೆಣ್ಣುಮಗಳ ದನಿ ಕೇಳಿಬಂದಿತು. ಯಾರೆಂದು ನಮಗಾರಿಗೂ ತಿಳಿಯಲಿಲ್ಲ. ನಮ್ಮ ಅಜ್ಜಿಯವರು ಕಿವಿಗೊಟ್ಟು ಕೇಳಿ, “ಹಾಡಿದಾಕಿ ಹೆಸರು ಅಳಿಸಿ ಹೋಗ್ಯದ, ದನಿ ಅಷ್ಟ ಉಳದದ” ಎಂದರು. ಆ ಮಾತು ನಮ್ಮನ್ನು ಬಿಡಲಿಲ್ಲ.

ಮೊದಲು ತಟ್ಟೆಯೆಂದರೇನೆಂಬದನ್ನು ತಿಳಿಯೋಣ. ಹಳೆಯ ತಟ್ಟೆಗಳಿಗೆ ಮುಖ್ಯ ಸಾಮಗ್ರಿಯು ಅರಗು. ಗಿಡದ ಟೊಂಗೆಗಳ ಮೇಲೆ ಸಣ್ಣ ಹುಳುಗಳು ಸ್ರವಿಸುವ ಈ ಪದಾರ್ಥವು ಬಹುಮಟ್ಟಿಗೆ ನಮ್ಮ ದೇಶದಿಂದಲೇ ಹೊರಗೆ ಹೋಗುತ್ತಿತ್ತು. ಅದಕ್ಕೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತುವರು. ತಟ್ಟೆಯ ಮೇಲೆ ಸುರುಳಿಯಾಗಿ ಸಾಗುವ ಗೆರೆಯ ಅಂಕುಡೊಂಕುಗಳೇ ಹಾಡು. ಸೂಜಿಯು ಆ ಗೆರೆಯಲ್ಲಿ ನಡೆಯುತ್ತ ನಡುಗುವದು, ಆ ನಡುಕವೇ ಮರಳಿ ದನಿಯಾಗುವದು. ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುವದು. 10 ಇಂಚಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು 3 ನಿಮಿಷದ ಹಾಡು ಹಿಡಿಯುವದು. ಒಂದು ತಾಸು ರಾಗವನ್ನು ವಿಸ್ತರಿಸುವ ಗಾಯಕರು ಅದನ್ನು 3 ನಿಮಿಷದೊಳಗೆ ಅಡಕಮಾಡಿ ಹಾಡಬೇಕಾಗುತ್ತಿತ್ತು.

1902ನೆಯ ಇಸವಿಯ ನವೆಂಬರದಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಆಗ ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ಅಲ್ಲಿಯ ಕೆಲಸಗಾರರಿಗೆ ನಮ್ಮ ಭಾಷೆಯ ಗಂಧವೂ ಇಲ್ಲ. ಚೀಟಿಯ ಮೇಲೆ ಹೆಸರು ತಪ್ಪಬಾರದೆಂದು ಹಾಡು ಮುಗಿಯುತ್ತಲೇ ಗಾಯಕಿಯು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುವ ರೂಢಿ ಬಂದಿತು. ಗೌಹರ್ ಜಾನ್ ಅವರು 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಆದರೆ ಚೀಟಿ ಹರಿದುಹೋದ ಅವರ ತಟ್ಟೆಯನ್ನು ಇಂದು ಹಚ್ಚಿದರೂ ಕೊನೆಯಲ್ಲಿ ಹೆಸರು ಕೇಳುವದು. ನಮ್ಮ ಪೆಟ್ಟಿಗೆಯ ಗಾಯಕಿಗೆ ಆ ಅವಕಾಶ ಸಿಕ್ಕಿರಲಿಲ್ಲ.

ತಟ್ಟೆಯು ನಮ್ಮ ನಾಡಿಗೆ ಮಾಡಿದ ಉಪಕಾರವು ಸಣ್ಣದಲ್ಲ. ಗದಗಿನ ಬಾಲಕನೊಬ್ಬನು ಅಬ್ದುಲ್ ಕರೀಮ್ ಖಾನರ ಠುಮರಿಯನ್ನು ತಟ್ಟೆಯ ಮೇಲೆ ಕೇಳಿ, ಹಾಗೆ ಹಾಡುವದನ್ನು ಕಲಿಯಲೇಬೇಕೆಂದು 1933ರಲ್ಲಿ, ತನ್ನ 11ನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟನು; ಅವರೇ ಮುಂದೆ ಭೀಮಸೇನ ಜೋಶಿಯವರು. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಮೊದಮೊದಲಿನ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಿದ್ದವು. ನಮ್ಮ ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮನೆಗೂ ಪರಿಚಿತರಾದರು. ಹೆಣ್ಣು ಸಭೆಯಲ್ಲಿ ಹಾಡುವದನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ, ಯಾರ ಹೊಸ್ತಿಲನ್ನು ಈ ಹೆಣ್ಣುಮಕ್ಕಳು ತುಳಿಯುವಂತಿರಲಿಲ್ಲವೋ ಅವರ ಪಡಸಾಲೆಯೊಳಗೆ ಅವರ ದನಿಯು ತಟ್ಟೆಯ ಮೂಲಕ ನಿರಾತಂಕವಾಗಿ ಹೊಕ್ಕಿತು.

ಇನ್ನು ಹೊಂದಿಸುವ ವಿದ್ಯೆಯನ್ನು ನೋಡೋಣ. ಒಂದೇ ಯಂತ್ರವಿದ್ದರೆ ತಟ್ಟೆ ಬದಲಿಸುವಾಗ ಮೌನವು ನಡುವೆ ಬರುವದು. ಆದುದರಿಂದ ಎರಡು ಯಂತ್ರಗಳನ್ನಿಟ್ಟು, ನಡುವೆ ದನಿಯನ್ನು ಏರಿಸಿ ಇಳಿಸುವ ಮಿಕ್ಸರ್ ಎಂಬ ಪೆಟ್ಟಿಗೆಯನ್ನಿಡುವರು. ಒಂದು ತಟ್ಟೆಯು ಎಲ್ಲರಿಗೂ ಕೇಳುತ್ತಿರುವಾಗ, ಎರಡನೆಯದನ್ನು ರಾವುತನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ ಸಿದ್ಧಪಡಿಸಿಕೊಳ್ಳುವನು. 1973ರ ಆಗಸ್ಟ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಯು ಶಾಲೆಗೆ ಹೊಸ ಬಟ್ಟೆ ಕೊಳ್ಳುವ ಹಣಕ್ಕಾಗಿ ಒಂದು ಕೂಟವನ್ನು ಏರ್ಪಡಿಸಿದಳು. ಅಲ್ಲಿ ತಟ್ಟೆ ಹಚ್ಚಿದವನು ಅವಳ ಅಣ್ಣ ಕೂಲ್ ಹರ್ಕ್. ಜನರು ಹೆಚ್ಚು ಕುಣಿಯುವದು ಬರಿಯ ತಾಳವಾದ್ಯ ನುಡಿಯುವ ಭಾಗಕ್ಕೆಂದು ಕಂಡುಕೊಂಡ ಅವನು, ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು ಆ ಭಾಗವನ್ನೇ ಮತ್ತೆ ಮತ್ತೆ ಬೆಳೆಸುತ್ತಿದ್ದನು. ಹಿಪ್‌ಹಾಪ್ ಸಂಗೀತದ ಹುಟ್ಟನ್ನು ಆ ದಿನದಿಂದ ಎಣಿಸುವವರು ಬಹಳ; ಅದರ ಹಿಂದೆ ಶಾಲೆಯ ಬಟ್ಟೆಯ ಚಿಂತೆಯಿದ್ದಿತೆಂಬದನ್ನು ನೆನೆಯುವವರು ಕಡಿಮೆ.

ಎರಡು ಹಾಡುಗಳು ಕೂಡಬೇಕಾದರೆ ಲಯವು ಕೂಡಬೇಕು. ನಡೆಯುತ್ತಿರುವ ಹಾಡಿಗೆ ನಿಮಿಷಕ್ಕೆ 104 ಬಡಿತಗಳು, ಬರುವದಕ್ಕೆ 100 ಎಂದಿಟ್ಟುಕೊಳ್ಳಿರಿ. ಬರುವ ತಟ್ಟೆಯನ್ನು ನೂರಕ್ಕೆ 4ರಷ್ಟು ವೇಗವಾಗಿ ತಿರುಗಿಸಬೇಕು. ಆದರೆ ತಟ್ಟೆಯ ವೇಗ ಹೆಚ್ಚಿದರೆ ಶ್ರುತಿಯೂ ಏರುವದು. ನೂರಕ್ಕೆ ಸುಮಾರು 6ರಷ್ಟು ವೇಗವೆಂದರೆ ಹಾರ್ಮೋನಿಯಮ್ಮಿನ ಒಂದು ಮನೆ ಮೇಲಕ್ಕೆ ಹೋದಂತೆ. ಆದಕಾರಣ ತಾಳಕ್ಕಾಗಿ ಓಡಿಸಹೋಗಿ ಗಾಯಕಿಯ ಕಂಠವನ್ನು ಕೆಡಿಸಬಾರದು. ನಮ್ಮ ಖ್ಯಾಲುಗಳನ್ನು ಕೂಡಿಸುವಾಗಲಂತೂ ಬಡಿತಕ್ಕಿಂತ ಶ್ರುತಿಯೇ ದಾರಿ ತೋರಿಸುವದು. ಒಂದು ಹಾಡಿನ ಷಡ್ಜವು ಆರುತ್ತಿರುವಾಗ ಅದೇ ಷಡ್ಜದ ಮತ್ತೊಂದು ಹಾಡು ಮೆಲ್ಲನೆ ಎದ್ದರೆ ಕಿವಿಗೆ ಬೆಸುಗೆಯೇ ತಿಳಿಯದು.

ಬಗೆಬಗೆಯ ತಟ್ಟೆಗಳನ್ನು ಒಂದುಗೂಡಿಸಿದ ಸರಮಾಲೆಗಳಲ್ಲಿ ಪ್ರಸಿದ್ಧವಾದದ್ದು, ‘ಕೋಲ್ಡ್‌ಕಟ್’ ಎಂದು ಹೆಸರಾದ ಲಂಡನ್ನಿನ ಇಬ್ಬರು ಗೆಳೆಯರು 1995ರಲ್ಲಿ ಹೊರತಂದ ‘70 ಮಿನಿಟ್ಸ್ ಆಫ್ ಮ್ಯಾಡ್ನೆಸ್’. ಕುಣಿತದ ಹಾಡು, ಭಾಷಣದ ತುಣುಕು, ‘ಡಾಕ್ಟರ್ ಹೂ’ ಎಂಬ ದೂರದರ್ಶನ ಧಾರಾವಾಹಿಯ ಸಂಗೀತ ಎಲ್ಲವೂ ಅದರಲ್ಲಿ ನೆರೆಹೊರೆಯಾಗಿ ಕುಳಿತಿವೆ. ಸೊಗಸು ಸಂಗ್ರಹದ ದೊಡ್ಡಸ್ತಿಕೆಯಲ್ಲಿಲ್ಲ, ನೆರೆಹೊರೆಯ ಆಯ್ಕೆಯಲ್ಲಿದೆ. ಕೌದಿ ಹೊಲಿಯುವ ನಮ್ಮ ಅವ್ವಂದಿರಿಗೆ ಇದು ಹೊಸ ಪಾಠವಲ್ಲ. ಚಿಂದಿಗಳು ಯಾರು ಯಾರ ಸೀರೆಯವೋ. ಯಾವ ಚಿಂದಿಯ ಪಕ್ಕಕ್ಕೆ ಯಾವದು ಎಂಬ ವಿವೇಕ ಮಾತ್ರ ಹೊಲಿದವಳದು.

ನಾವೂ ಒಂದು ಸಣ್ಣ ಕೌದಿಯನ್ನು ಹೊಲಿದೆವು. ಈಗಿನ ಯಂತ್ರಗಳಲ್ಲಿ ಅನೇಕವು ನಿಮಿಷಕ್ಕೆ 33⅓ ಮತ್ತು 45 ಸುತ್ತು ಮಾತ್ರ ತಿರುಗುವದರಿಂದ, 78ರ ತಟ್ಟೆಗಳನ್ನು ಮೊದಲು ಗಣಕಯಂತ್ರಕ್ಕೆ ಇಳಿಸಿಕೊಂಡೆವು. ಕರೀಮ್ ಖಾನರು, ಅವರ ಶಿಷ್ಯ ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿಯವರು, ಅದೇ ಗುರುವಿನ ಭೀಮಸೇನರು ಎಂದು ಒಂದು ಮನೆತನವನ್ನು ಮೊದಲು ಕೂಡಿಸಿದೆವು. ಬಳಿಕ ಅಮೀರಬಾಯಿಯವರ ಚಿತ್ರಗೀತೆಯನ್ನೂ, ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನೂ ಇಟ್ಟೆವು. ಕೊನೆಗೆ ಹೆಸರಿಲ್ಲದ ಆ ಹೆಣ್ಣುಮಗಳ ತಟ್ಟೆ.

ಈಗ ಋಣದ ಮಾತು. ನಮ್ಮ ದೇಶದ ಕಾಯಿದೆಯಂತೆ ಧ್ವನಿಮುದ್ರಿಕೆಯ ಮೇಲಿನ ಹಕ್ಕು, ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುವದು; ಹಾಡನ್ನು ಬರೆದವರ ಹಕ್ಕು ಅವರು ತೀರಿಕೊಂಡ ಬಳಿಕವೂ 60 ವರ್ಷ ನಡೆಯುವದು. ಹೀಗಿರಲು ಸರಮಾಲೆಯನ್ನು ಹತ್ತು ಮಂದಿಗೆ ಹಂಚುವ ಮುನ್ನ ವಿಚಾರಿಸತಕ್ಕದ್ದು. ಆದರೆ ಕಾಯಿದೆಯ ಅವಧಿ ಮುಗಿದರೂ ಹೆಸರಿನ ಋಣವು ಮುಗಿಯದು. ಎಡೆಬಿಡದೆ ಹರಿಯುವ ಸರಮಾಲೆಯಲ್ಲಿ ಒಂದು ಹಾಡಿನ ತುದಿ ಇನ್ನೊಂದರ ಮೊದಲಿನಲ್ಲಿ ಕರಗುವದರಿಂದ, ಹಾಡಿದವರು ಯಾರೆಂಬದೇ ಮರೆತುಹೋಗುವ ಭಯವಿದೆ. ಆದುದರಿಂದ ಪ್ರತಿಯೊಂದು ಹಾಡಿನ ಗಾಯಕರು, ವರ್ಷ, ತಟ್ಟೆಯ ಸಂಖ್ಯೆ ಇವುಗಳ ಯಾದಿಯನ್ನು ಸರಮಾಲೆಯ ಸಂಗಡ ಇಡಲೇಬೇಕು.

ನಿಮ್ಮ ಮನೆಯಲ್ಲಿಯೂ ಇಂಥ ಪೆಟ್ಟಿಗೆಯಿದ್ದರೆ ಗುಜರಿಗೆ ಹಾಕಬೇಡಿರಿ. ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟದೆ, ಪುಸ್ತಕಗಳಂತೆ ನಿಲ್ಲಿಸಿಡಿರಿ. ನಮ್ಮ ಕಡೆಯ ಬಿಸಿಲಿಗೆ ಅವು ಸೊಟ್ಟಾಗುವವು. ಸ್ಪಿರಿಟ್ಟಿನಿಂದ ಎಂದಿಗೂ ಒರೆಸಬೇಡಿರಿ. ಅರಗು ಅದರಲ್ಲಿ ಕರಗುವದು. ಉಕ್ಕಿನ ಸೂಜಿಯನ್ನು ಪ್ರತಿ ಮಗ್ಗುಲಿಗೂ ಬದಲಿಸಿರಿ. ಚೀಟಿ ಹೋಗಿದ್ದರೆ ಎದೆಗುಂದಬೇಡಿರಿ. ನಡುಭಾಗದ ಹತ್ತಿರ ಅರಗಿನಲ್ಲಿಯೇ ಒತ್ತಿದ ಒಂದು ಸಂಖ್ಯೆಯಿರುವದು. ಮುಂಬಯಿಯಲ್ಲಿ 1990ರಲ್ಲಿ ಕಟ್ಟಿದ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಎಂಬ ಸಂಘದ ಸಂಗ್ರಾಹಕರಂಥವರು ಇಂಥ ಸಂಖ್ಯೆಗಳಿಂದಲೇ ಅದೆಷ್ಟೋ ಹಾಡುಗಳ ಹಿಂದಿನ ಹೆಸರನ್ನು ಹುಡುಕಿರುವರು.

ನಮ್ಮ ತಟ್ಟೆಯ ಸಂಖ್ಯೆಯನ್ನು ಓರೆ ಬೆಳಕಿನಲ್ಲಿ ಹಿಡಿದು ಓದಿ ಯಾದಿಯಲ್ಲಿ ಬರೆದುಕೊಂಡಿದ್ದೇವೆ. ಅದರ ಮುಂದೆ ಗಾಯಕಿಯ ಹೆಸರಿಗಾಗಿ ಒಂದು ಸಾಲಿನಷ್ಟು ತೆರವನ್ನು ಬಿಟ್ಟಿದ್ದೇವೆ. ಅದು ತುಂಬುವವರೆಗೆ ನಮ್ಮ ಸರಮಾಲೆಯು ಪೂರ್ತಿಯಾಯಿತೆಂದು ನಾವು ಹೇಳಲಾರೆವು.