ಚಳಿಗೆ ಅಂಜದ ಗಿಡ ನೀರಿಗೆ ಅಂಜಿತು

ತಿಂಗಳುಗಟ್ಟಲೆ ಹಿಮದಡಿ ಹೂತಿದ್ದರೂ ಬದುಕುವ ಗಿಡ, ಇಂಗ್ಲೆಂಡಿನ ಮನೆಯಂಗಳದಲ್ಲಿ ಒಂದು ಚಳಿಗಾಲವನ್ನೂ ದಾಟದೆ ಸಾಯುತ್ತದೆಂದರೆ ನಂಬುತ್ತೀರಾ? ಆಲ್ಪ್ಸ್ ಪರ್ವತದ ಹೂಗಿಡಗಳನ್ನು ತಂದು ನೆಟ್ಟ ತೋಟಗಾರರನ್ನು ಕಾಡಿದ ಒಗಟು ಇದು. ಅದರ ಗುಟ್ಟನ್ನು ಸಾಮಾನ್ಯ ಜನರಿಗೂ ತಿಳಿಸಿಕೊಟ್ಟವರಲ್ಲಿ ರೆಜಿನಾಲ್ಡ್ ಫ್ಯಾರರ್ ಪ್ರಮುಖ.

1880ರಲ್ಲಿ ಹುಟ್ಟಿದ ಫ್ಯಾರರನಿಗೆ ಸೀಳು ಅಂಗುಳ. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ನಡೆದರೂ ಮಾತು ಸ್ಪಷ್ಟವಾಗಲಿಲ್ಲ. ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಸಿದರು. ಒಂಟಿ ಹುಡುಗ ಯಾರ್ಕ್‌ಷೈರಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಅಲೆದ. ಬಂಡೆಯ ಬಿರುಕುಗಳಲ್ಲಿ ಯಾವ ಗಿಡ ಹೇಗೆ ಬೇರುಬಿಟ್ಟಿದೆಯೆಂದು ನೋಡಿದ. ಹದಿನಾಲ್ಕರ ವಯಸ್ಸಿನಲ್ಲಿ, ಪಾಳುಬಿದ್ದ ಕಲ್ಲುಗಣಿಯೊಂದರಲ್ಲಿ ತನ್ನ ಮೊದಲ ಶಿಲಾತೋಟ ಮಾಡಿದ. ತಂದೆತಾಯಿಗಳು ಬಯ್ಯದೆ ಬಿಟ್ಟದ್ದೇ ದೊಡ್ಡದು! 1907ರಲ್ಲಿ ಅವನ ‘ಮೈ ರಾಕ್ ಗಾರ್ಡನ್’ ಪುಸ್ತಕ ಬಂತು.

ಆಗ ಮಣ್ಣಿನ ಗುಡ್ಡೆ ಮಾಡಿ, ಪಾಯಸದ ಮೇಲೆ ಬಾದಾಮಿ ಚುಚ್ಚಿದಂತೆ ಕಲ್ಲು ನೆಡುವುದೇ ಶಿಲಾತೋಟವೆನಿಸಿತ್ತು. ಫ್ಯಾರರ್ ಅದನ್ನು ಚೆನ್ನಾಗಿ ಗೇಲಿ ಮಾಡಿದ. ಏಕೆಂದರೆ ಇಲ್ಲಿ ಕಲ್ಲು ಬರೀ ಅಲಂಕಾರವಲ್ಲ.

ಬೆಟ್ಟದಲ್ಲಿ ಹಿಮವೇ ಗಿಡಕ್ಕೆ ಕಂಬಳಿ. ಅದರಡಿ ಗಿಡ ಹೆಚ್ಚು ಒದ್ದೆಯಾಗದೆ ನಿದ್ರಿಸುತ್ತದೆ. ಬಯಲಿನಲ್ಲಾದರೋ ಚಳಿಗಾಲವಿಡೀ ಜಿಟಿಜಿಟಿ ಮಳೆ; ಬುಡದಲ್ಲಿ ನೀರು ನಿಂತು ಗಿಡ ಕೊಳೆಯುತ್ತದೆ. ಕೊಲ್ಲುವುದು ಚಳಿಯಲ್ಲ, ತೇವ.

ಆದ್ದರಿಂದ ತಳಕ್ಕೆ ಇಟ್ಟಿಗೆ ಚೂರು, ಅದರ ಮೇಲೆ ಮಣ್ಣು, ಮರಳು, ಸಣ್ಣ ಜಲ್ಲಿ, ಎಲೆಗೊಬ್ಬರದ ಮಿಶ್ರಣ. ಕಲ್ಲಿನ ಬಹುಭಾಗ ನೆಲದೊಳಗಿರಬೇಕು. ತುಸು ಹಿಂದಕ್ಕೆ ವಾಲಿಸಿದರೆ ಮೇಲೆ ಬಿದ್ದ ಮಳೆನೀರು ಜಾರಿ ಹಿಂದಿನ ಬೇರಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಅದೇ ಕಲ್ಲಿನಡಿ ಬೇರಿಗೆ ತಂಪು. ಗಿಡದ ಕೊರಳಿನ ಸುತ್ತ ಒಂದು ಪದರ ಜಲ್ಲಿ ಹಾಸಿದರೆ ಬುಡ ಒಣಗಿರುತ್ತದೆ. ಎಲೆಯ ಮೇಲೆ ರೋಮವಿರುವ ಜಾತಿಗಳಿಗೆ ಚಳಿಗಾಲದಲ್ಲಿ ಒಂದು ಗಾಜಿನ ಹಾಳೆಯ ಮರೆ ಬೇಕು. ಆದರೆ ಪಕ್ಕಗಳಿಂದ ಗಾಳಿಯಾಡಬೇಕು. ಗೊಬ್ಬರ ಹೆಚ್ಚು ಕೊಡುವ ಅಕ್ಕರೆ ಮಾತ್ರ ಬೇಡ. ದಿಂಬಿನಂತೆ ಗಿಡ್ಡಗೆ, ಒತ್ತಾಗಿ ಬೆಳೆಯಬೇಕಾದದ್ದು ಕೊಬ್ಬಿ, ಸಡಿಲವಾಗಿ, ಬೇಗ ಕೊಳೆಯುತ್ತದೆ.

ಫ್ಯಾರರ್ ಬಂದೂಕಿಗೆ ಬೀಜ ತುಂಬಿ ಕಡಿದಾದ ಬಂಡೆಗೆ ಹಾರಿಸಿದನೆಂಬ ಕಥೆಯೂ ಉಂಟು. 1914ರಲ್ಲಿ ಗಿಡ ಹುಡುಕುತ್ತ ಚೀನಾದ ಗಾನ್ಸು ಪ್ರಾಂತಕ್ಕೆ ಹೋದ. 1920ರಲ್ಲಿ, ಅದೇ ಹುಡುಕಾಟದಲ್ಲಿ, ಉತ್ತರ ಬರ್ಮಾದ ಬೆಟ್ಟಗಳಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ ನಲವತ್ತು ವರ್ಷ. ಅವನ ಹೆಸರು ಹೊತ್ತ ‘ಜೆಂಟಿಯಾನ ಫ್ಯಾರರಿ’ ಇಂದಿಗೂ ಶಿಲಾತೋಟಗಳಲ್ಲಿ ಶರತ್ಕಾಲಕ್ಕೆ ತಿಳಿನೀಲಿ ಹೂ ಬಿಡುತ್ತದೆ.